ರೇಜರ್ ಆಮೇಲೆ ನೋಡೋಣ, ಮೊದಲು ನಿಮ್ಮನೆ ನಲ್ಲೀಲಿ ಯಾವ ನೀರು ಬರತ್ತೆ ಹೇಳಿ

ಹಳೇ ಕಾಲದ ಡಬಲ್ ಎಡ್ಜ್ ರೇಜರು, ಬ್ರಷ್ಷು, ಸೋಪು ಇಟ್ಕೊಂಡು ಶೇವ್ ಮಾಡ್ಕೊಳ್ತೀನಿ ಅಂತ ಗೊತ್ತಾದ್ರೆ ಸಾಕು, ಫ್ರೆಂಡ್ಸ್ ಎಲ್ಲ ಕೇಳೋದು ಒಂದೇ ಪ್ರಶ್ನೆ, "ಗುರು, ಯಾವ ರೇಜರ್ ತಗೊಳ್ಲಿ ಹೇಳು". ನಾನು ತಿರುಗಿ ಕೇಳ್ತೀನಿ, "ನಿಮ್ಮನೆಗೆ ಬರೋದು ಕಾವೇರಿ ನೀರಾ, ಬೋರ್ ನೀರಾ, ಇಲ್ಲ ಟ್ಯಾಂಕರ್ರಾ?" ಅದಕ್ಕೂ ಇದಕ್ಕೂ ಏನಯ್ಯ ಸಂಬಂಧ ಅಂತ ಮುಖ ಮುಖ ನೋಡ್ತಾರೆ. ತುಂಬಾನೇ ಸಂಬಂಧ ಇದೆ. ರೇಜರ್ ಮಾಡೋ ಕೆಲಸ ಕೂದಲು ಕತ್ತರಿಸೋದಷ್ಟೇ, ಚರ್ಮ ಕಾಯೋದು ನೊರೆ, ಆ ನೊರೆ ಚೆನ್ನಾಗಿ ಬರಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋದು ನೀರು. ಸಾವಿರಾರು ರೂಪಾಯಿ ಕೊಟ್ಟು ವಿಂಟೇಜ್ ರೇಜರ್ ತರಿಸ್ಕೊಂಡು, ಲಂಡನ್ನಿನ ಸೋಪು ತರಿಸ್ಕೊಂಡು, ಆಮೇಲೆ "ಕೆನ್ನೆ ಉರಿ ಉರಿ ಅಂತಿದೆ, ಇದೆಲ್ಲ ಸುಮ್ನೆ ಹೈಪು" ಅಂತ ಬಿಟ್ಟವರು ನಂಗೆ ಗೊತ್ತಿರೋರಲ್ಲೇ ಸುಮಾರು ಜನ ಇದಾರೆ, ಅವರಲ್ಲಿ ಹೆಚ್ಚಿನವರು ಇರೋದು ಬೋರ್‌ವೆಲ್ ಮೇಲೆ ನಿಂತಿರೋ ಅಪಾರ್ಟ್‌ಮೆಂಟುಗಳಲ್ಲಿ.

ನಂಬಿಕೆ ಬರಲಿಲ್ಲ ಅಂದ್ರೆ ಎರಡು ಮಗ್ ತಗೊಳ್ಳಿ. ಒಂದರಲ್ಲಿ ಕಾವೇರಿ ನೀರು, ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಅಷ್ಟು ದೂರದಿಂದ ಬೆಂಗಳೂರು ಹತ್ತಿ ಬರತ್ತಲ್ಲ ಅದು. ಇನ್ನೊಂದರಲ್ಲಿ ಟ್ಯಾಂಕರ್ ನೀರು. ಸೋಪು ಅದೇ, ಬ್ರಷ್ ಅದೇ, ತಿರುಗಿಸೋ ಕೈನೂ ಅದೇ ಇರಲಿ. ಟ್ಯಾಂಕರ್ ನೀರಲ್ಲಿ ಮೊದಲು ಬೇಗನೇ ನೊರೆ ಬಂದಂಗೆ ಕಾಣತ್ತೆ, ದೊಡ್ಡ ದೊಡ್ಡ ಗುಳ್ಳೆ, ಬಣ್ಣ ಸ್ವಲ್ಪ ಬೂದು. ಕೆನ್ನೆಗೆ ಹಚ್ಚಿ ಸುಮ್ಮನೆ ನಿಂತ್ರೆ ಕಿವಿ ಹತ್ರ ಗುಳ್ಳೆಗಳು ಚಿಟಚಿಟ ಅಂತ ಒಡೆಯೋ ಸದ್ದು ಕೇಳತ್ತೆ, ಒಂದು ಕೆನ್ನೆ ಮುಗಿಸಿ ಗಲ್ಲಕ್ಕೆ ಬರೋ ಹೊತ್ತಿಗೆ ಅಲ್ಲಿ ನೊರೆನೇ ಇಲ್ಲ, ಬಿಳೀ ಪೊರೆ ಥರ ಒಣಗಿ ಕೂತಿರತ್ತೆ. ಸಿಂಕಿನ ಸುತ್ತ ಜಿಡ್ಡು ಜಿಡ್ಡಾದ ಬಿಳೀ ಗೆರೆ ಬೇರೆ. ಕಾವೇರಿ ನೀರಿನ ಮಗ್‌ನಲ್ಲಿ ಅದೇ ಸೋಪು ನಿಧಾನಕ್ಕೆ ಏಳತ್ತೆ, ಗುಳ್ಳೆ ಕಣ್ಣಿಗೆ ಕಾಣದಷ್ಟು ಸಣ್ಣ, ಬ್ರಷ್ ಎತ್ತಿದ್ರೆ ತುದಿ ಬಾಗಿ ನಿಲ್ಲತ್ತೆ, ಪೂರ್ತಿ ಶೇವ್ ಮುಗಿಯೋ ತನಕ ಮುಖದ ಮೇಲೆ ಒದ್ದೆಯಾಗೇ ಇರತ್ತೆ.

ಕಾರಣ ಸಿಂಪಲ್. ಶೇವಿಂಗ್ ಸೋಪಿನ ಜೀವಾಳ ಸ್ಟಿಯರಿಕ್ ಆಸಿಡ್ ಅನ್ನೋ ಕೊಬ್ಬಿನ ಆಮ್ಲ, ಅದನ್ನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ, ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಸೇರಿಸಿ ಸೋಪು ಮಾಡ್ತಾರೆ. ಪೊಟ್ಯಾಸಿಯಂ ಸೋಪು ಮೆತ್ತಗೆ, ನೀರಲ್ಲಿ ಬೇಗ ಕರಗತ್ತೆ. ಸೋಡಿಯಂ ಸೋಪು ಗಟ್ಟಿ. ಎರಡರ ಅಳತೆ ಮೇಲೆ ಅದು ಡಬ್ಬಿಯ ಮೆತ್ತನೆ ಸೋಪಾಗತ್ತಾ ಗಟ್ಟಿ ಬಿಲ್ಲೆ ಆಗತ್ತಾ ಅನ್ನೋದು ನಿಂತಿದೆ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಈ ಸ್ಟಿಯರೇಟನ್ನ, ಅಂದ್ರೆ ಸ್ಟಿಯರಿಕ್ ಆಸಿಡ್ಡಿಂದ ಆದ ಸೋಪನ್ನ, ಹಿಡಿದು ನೀರಲ್ಲಿ ಕರಗದೇ ಇರೋ ಜಿಡ್ಡು ಮಾಡಿ ಕೂರಿಸತ್ತೆ, ಸಿಂಕಲ್ಲಿ ಕಾಣಿಸಿದ ಗೆರೆ ಅದೇ. ಅಂದ್ರೆ ನೊರೆ ಆಗಬೇಕಾಗಿದ್ದ ಸೋಪು ಮೊದಲೇ ಖಾಲಿ. ಕುಡಿಯೋ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಸ್ಟ್ಯಾಂಡರ್ಡಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ರೆ 600ರ ತನಕ ನಡೀಬಹುದು ಅಂತ ಇದೆ. 600ರ ಹತ್ರ ಇರೋ ನೀರಲ್ಲಿ ಯಾವ ದುಬಾರಿ ಸೋಪೂ ಏನೂ ಮಾಡಕ್ಕಾಗಲ್ಲ. ಕೆಲವು ಸೋಪು, ಕ್ರೀಮುಗಳ ಪದಾರ್ಥದ ಪಟ್ಟಿಯಲ್ಲಿ ಕೊನೇಲಿ ಟೆಟ್ರಾಸೋಡಿಯಂ ಇಡಿಟಿಎ ಅಂತ ಇರತ್ತೆ ನೋಡಿ, ಅದು ಇರೋದೇ ಈ ಕ್ಯಾಲ್ಸಿಯಮ್ಮನ್ನ ಹಿಡಿದಿಡಕ್ಕೆ. ಬೋರ್ ನೀರಿನವರು ಅಂಥದ್ದನ್ನೇ ಹುಡುಕಿ ತಗೊಳ್ಳೋದು ಒಳ್ಳೇದು. ಅದಕ್ಕಿಂತ ಸುಲಭ ದಾರಿ ಅಂದ್ರೆ ನೊರೆ ಮಾಡಕ್ಕೆ ಮಾತ್ರ ಒಂದು ಲೋಟ ಆರ್‌ಓ ನೀರು, ಮನೇಲಿ ಮಳೆನೀರು ಹಿಡಿಯೋ ವ್ಯವಸ್ಥೆ ಇದ್ರೆ ಸೋಸಿದ ಮಳೆನೀರು, ಮಿಕ್ಕಿದ್ದಕ್ಕೆಲ್ಲ ನಲ್ಲಿ ನೀರೇ ಇರಲಿ. ಒಂದು ಲೋಟದಲ್ಲಿ ಎಷ್ಟು ವ್ಯತ್ಯಾಸ ಆಗತ್ತೆ ಅಂತ ನೋಡಿದವರು ಆಮೇಲೆ ನನ್ನ ಹತ್ರ ರೇಜರ್ ಬಗ್ಗೆ ಕೇಳೋದೇ ಕಮ್ಮಿ ಆಗತ್ತೆ.

ಇನ್ನು ನೊರೆ ಮಾಡೋದು. ಇದನ್ನ ಯಾರಿಗಾದ್ರೂ ಹೇಳಿಕೊಡಬೇಕಾದ್ರೆ ನಾನು ವಡೆಗೆ ಉದ್ದು ರುಬ್ಬೋದನ್ನ ನೆನಪಿಸ್ಕೊಳ್ಳಿ ಅಂತೀನಿ. ಅಮ್ಮ ಒರಳಲ್ಲಿ ರುಬ್ಬುವಾಗ ಒಂದೇ ಸಲ ನೀರು ಹೊಯ್ತಾ ಇರಲಿಲ್ಲ, ಕೈಯಲ್ಲಿ ಚಿಮುಕಿಸಿ ಚಿಮುಕಿಸಿ, ಹಿಟ್ಟು ಕುಡ್ಕೊಂಡ ಮೇಲೆ ಇನ್ನೊಂದು ಚಿಮುಕು, ಹಂಗೆ ಮಾಡಿ ಮಾಡಿನೇ ಅದು ಹಗುರ ಆಗಿ ಉಬ್ಬೋದು. ಸೋಪೂ ಅದೇ. ಮೊದಲು ಬ್ರಷ್ಷನ್ನ ಬಿಸಿನೀರಲ್ಲಿ ನೆನೆಹಾಕಿ, ಎತ್ತಿ ಎರಡು ಸಲ ಕೊಡವಿ, ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ. ಇಲ್ಲಿ ಜಿಪುಣತನ ಬೇಡ, ಬ್ರಷ್ ತುದಿಗೆ ಗಟ್ಟಿ ಪೇಸ್ಟ್ ಅಂಟಿಕೊಳ್ಳೋಷ್ಟು ಸೋಪು ಹತ್ತಲೇಬೇಕು. ಆಮೇಲೆ ಮುಖದ ಮೇಲೋ ಬಟ್ಟಲಲ್ಲೋ ತಿರುಗಿಸ್ತಾ, ಬೆರಳು ಅದ್ದಿ ಎರಡು ಹನಿ, ಮತ್ತೆ ತಿರುಗಿಸಿ, ಮತ್ತೆ ಎರಡು ಹನಿ. ನೊರೆ ಮೊದಲು ಒಣ ಒಣ ಇರತ್ತೆ, ನೋಡಕ್ಕೆ ದಪ್ಪ ಇದೆ ಅಂತ ಇಲ್ಲೇ ನಿಲ್ಲಿಸೋರು ಜಾಸ್ತಿ. ನಿಲ್ಲಿಸಬೇಡಿ. ಇನ್ನೂ ನೀರು ಕುಡಿಸಿ, ಮೇಲ್ಮೈ ಹೊಳೆಯಕ್ಕೆ ಶುರುವಾಗೋ ತನಕ. ಎರಡು ಬೆರಳಿನ ಮಧ್ಯೆ ತಗೊಂಡು ಉಜ್ಜಿದ್ರೆ ಬೆರಳು ಜಾರಬೇಕು, ಒಂದಕ್ಕೊಂದು ತಾಗಬಾರದು. ಆ ಜಾರಿಕೆ ಇಲ್ಲದ ನೊರೆ ಎಷ್ಟು ದಪ್ಪ ಇದ್ರೂ ಬ್ಲೇಡ್ ಚರ್ಮವನ್ನ ಕೆರೆಯತ್ತೆ.

ಬ್ರಷ್ ವಿಚಾರ ಬೇಗ ಮುಗಿಸ್ತೀನಿ. ಬ್ಯಾಡ್ಜರ್ ಅನ್ನೋ ಪ್ರಾಣಿಯ ಕೂದಲು, ಹಂದಿ ಕೂದಲು, ಕುದುರೆ ಕೂದಲು, ಸಿಂಥೆಟಿಕ್ ಅಂತ ಇವೆ. ಇವತ್ತಿನ ಸಿಂಥೆಟಿಕ್ ಬ್ರಷ್ಷುಗಳು ನೆನೆಹಾಕೋದೇ ಬೇಡ, ಬೇಗ ಒಣಗತ್ತವೆ, ಬೆಲೇನೂ ಕಮ್ಮಿ, ನಾನು ದಿನಾ ಬಳಸೋದು ಅದನ್ನೇ. ನಮ್ಮಲ್ಲಿ ಸುಮಾರು ಮನೆಗಳಲ್ಲಿ ಪ್ರಾಣಿ ಕೂದಲು, ಪ್ರಾಣಿ ಕೊಬ್ಬು ಅಂದ್ರೆ ಆಗಲ್ಲ, ಅದು ಅವರವರ ಮನೆ ಪದ್ಧತಿ, ಅಂಥವರು ಯೂರೋಪಿನ ಹಳೇ ಸೋಪುಗಳನ್ನ ತಗೊಳ್ಳೋ ಮುಂಚೆ ಡಬ್ಬಿ ಹಿಂದೆ ಟ್ಯಾಲೋ, ಟ್ಯಾಲೋವೇಟ್ ಅನ್ನೋ ಪದ ಇದೆಯಾ ಅಂತ ಓದ್ಕೊಳ್ಳಿ. ಇದ್ರೆ ಅದು ಪ್ರಾಣಿ ಕೊಬ್ಬು. ಪಾಮ್, ಕೊಬ್ಬರಿ ಎಣ್ಣೆಯಿಂದ ಮಾಡಿದ ಒಳ್ಳೊಳ್ಳೆ ಸೋಪು ಈಗ ಬೇಕಾದಷ್ಟಿವೆ.

ಇಲ್ಲಿ ನಮ್ಮ ಕಡೆಯವರಿಗೇ ಅಂತ ಒಂದು ಮಾತು ಹೇಳಬೇಕು. ಹೊರದೇಶದವರ ವಿಡಿಯೋ ನೋಡಿದ್ರೆ ಎಲ್ಲರೂ ಬಿಸಿನೀರ ಸ್ನಾನ ಮಾಡಿ ಬಂದು ಶೇವ್ ಮಾಡಿ ಅಂತಾರೆ, ಗಡ್ಡ ಚೆನ್ನಾಗಿ ನೆಂದಿರತ್ತೆ ಅಂತ. ನಮ್ಮನೆಗಳಲ್ಲಿ ಅದು ಉಲ್ಟಾ. ಕ್ಷೌರ ಆದ್ಮೇಲೆ ಸ್ನಾನ ಮಾಡದೇ ಅಡುಗೆಮನೆ ಕಡೆ ಕಾಲಿಟ್ರೆ ಅಜ್ಜಿ ಬಿಡ್ತಾರಾ. ಮಂಗಳವಾರ ಶುಕ್ರವಾರ ಬೇಡ, ಅಮಾವಾಸ್ಯೆ ಬೇಡ ಅನ್ನೋ ಲೆಕ್ಕ ಬೇರೆ, ಕಟಿಂಗ್ ಶಾಪುಗಳೂ ಮಂಗಳವಾರ ಬಾಗಿಲು ಹಾಕಿರ್ತಾವೆ. ಅದಕ್ಕೆ ನಾನು ಪದ್ಧತಿ ಬಿಡದೇ ಮಾಡೋದು ಹೀಗೆ: ಹಂಡೆ ಅಥವಾ ಗೀಸರ್ ನೀರಲ್ಲಿ ಮುಖ ಚೆನ್ನಾಗಿ ತೊಳೆದು, ಹತ್ತಿ ಟವಲ್ ಬಿಸಿನೀರಲ್ಲಿ ಅದ್ದಿ ಹಿಂಡಿ ಕೆನ್ನೆ ಗಲ್ಲಕ್ಕೆ ಒತ್ತಿ ಎರಡು ಮೂರು ನಿಮಿಷ ಇಟ್ಕೊಳ್ತೀನಿ. ಗಡ್ಡದ ಕೂದಲು ನೀರು ಕುಡಿದು ಉಬ್ಬಿ ಮೆತ್ತಗಾಗಕ್ಕೆ ಅಷ್ಟು ಹೊತ್ತು ಬೇಕೇ ಬೇಕು. ಒಣಗಿರೋ ಗಡ್ಡಕ್ಕೆ ಬ್ಲೇಡ್ ಇಟ್ರೆ ಅದು ಕತ್ತರಿಸೋ ಮೊದಲು ಕೂದಲನ್ನ ಎಳೆಯತ್ತೆ, ಆ ಎಳೆತದಿಂದಾನೇ ಅರ್ಧ ಉರಿ ಬರೋದು. ಶೇವ್ ಮುಗಿಸಿ ನೇರ ಸ್ನಾನಕ್ಕೆ ಹೋಗಿ, ಅಜ್ಜಿಗೂ ಸಮಾಧಾನ.

ಪರಿಮಳದ ವಿಷಯಕ್ಕೆ ಬಂದ್ರೆ ನಾನು ಸ್ವಲ್ಪ ಜಾಸ್ತಿನೇ ಮಾತಾಡ್ತೀನಿ. ಬಿಸಿ ನೊರೆಯಿಂದ ಮೂಗಿನ ಕೆಳಗೇ ಪರಿಮಳ ಏಳೋದು, ದಿನದಲ್ಲಿ ಬೇರೆ ಯಾವಾಗಲೂ ಅಷ್ಟು ಹತ್ತಿರದಿಂದ ಸಿಗಲ್ಲ. ನಿಂಬೆ ವಾಸನೆ ಸೋಪು ಹಚ್ಚಿದ ಕೂಡಲೇ ಘಮ್ ಅನ್ನತ್ತೆ, ಮುಖ ತೊಳೆಯೋ ಹೊತ್ತಿಗೆ ಹೋಗಿರತ್ತೆ, ಯಾಕಂದ್ರೆ ಅದರಲ್ಲಿರೋ ಲಿಮೊನೀನ್ ಬೇಗ ಆವಿಯಾಗೋ ಜಾತಿ. ಇಟಲಿಯ ಪ್ರೊರಾಸೋ ಸೋಪಲ್ಲಿ ನೀಲಗಿರಿ ಎಣ್ಣೆ, ಮೆಂಥಾಲ್, ಬೇಸಿಗೇಲಿ ಬಳ್ಳಾರಿ ರಾಯಚೂರು ಕಡೆಯವರಿಗೆ ನಾನು ಕಣ್ಣುಮುಚ್ಚಿ ಹೇಳೋದು ಇದನ್ನೇ. ಮಿಲಾನಿನ ಚೆಲ್ಲಾ ಸೋಪು ಬಾದಾಮಿ ಪರಿಮಳದ್ದು. ಹಳೇ ಸಲೂನ್ ವಾಸನೆ ಅಂತಾರಲ್ಲ, ಲ್ಯಾವೆಂಡರ್ ಜೊತೆ ಕೂಮರಿನ್, ಓಕ್ ಮರದ ಮೇಲೆ ಬೆಳೆಯೋ ಕಲ್ಲುಹೂವು (ಓಕ್ ಮಾಸ್) ಸೇರಿದ್ದು, ಅದರ ಬೇರು 1882ರ ಒಂದು ಫ್ರೆಂಚ್ ಅತ್ತರಿನ ತನಕ ಹೋಗತ್ತೆ, ಹೂಬಿಗಾನ್ ಕಂಪನಿಯ ಫೂಜೆರ್ ರುವಾಯಾಲ್.

ಆದ್ರೆ ಲಂಡನ್ನಿನ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್, ಟ್ರಂಪರ್, ಟ್ರೂಫಿಟ್ ಅಂಡ್ ಹಿಲ್, ಯಾವ ಹಳೇ ಶೇವಿಂಗ್ ಅಂಗಡಿ ಹೆಸರು ತಗೊಂಡ್ರೂ ಅಲ್ಲಿ ಸ್ಯಾಂಡಲ್‌ವುಡ್ ಅಂತ ಒಂದು ಡಬ್ಬಿ ಇದ್ದೇ ಇರತ್ತೆ, ಅದನ್ನ ನೋಡಿದಾಗೆಲ್ಲ ನಂಗೆ ಮೈಸೂರು ನೆನಪಾಗತ್ತೆ. ಮೈಸೂರು ಸೀಮೆಯ ಗಂಧದ ಮರ ಮೊದಲು ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆ ಆಗ್ತಾ ಇತ್ತು. ಮೊದಲನೇ ಮಹಾಯುದ್ಧ ಬಂದು ಹಡಗು ನಿಂತು, ಕಡಿದ ಮರ ಇಲ್ಲೇ ರಾಶಿ ಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಸೇರಿ 1916ರಲ್ಲಿ ಮೈಸೂರಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರು ಮಾಡಿಸಿದ್ರು. ಸೋಪು ಮಾಡೋ ವಿದ್ಯೆ ಕಲಿಯಕ್ಕೆ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ ಇಂಗ್ಲೆಂಡಿಗೆ ಕಳಿಸಿದ್ರು, ಹಂಗೆ ಹುಟ್ಟಿದ್ದು ಮೈಸೂರು ಸ್ಯಾಂಡಲ್ ಸೋಪು. ನಿಜವಾದ ಶ್ರೀಗಂಧದಲ್ಲಿರೋ ಸ್ಯಾಂಟಲಾಲ್ ಭಾರದ ಅಣು, ನಿಧಾನಕ್ಕೆ ಬಿಡತ್ತೆ, ಬೆಳಗ್ಗೆ ಹಚ್ಚಿದ್ದು ಮಧ್ಯಾಹ್ನದ ತನಕ ಚರ್ಮದ ಮೇಲೆ ಕೂತಿರತ್ತೆ. ಗಂಧದೆಣ್ಣೆ ಬೆಲೆ ಏರಿದ ಮೇಲೆ ಸೋಪಿನವರಲ್ಲಿ ಬಹಳಷ್ಟು ಜನ ಸಿಂಥೆಟಿಕ್ ಪರಿಮಳಕ್ಕೆ ಹೋದ್ರು, ಡಬ್ಬಿ ಮೇಲೆ ಸ್ಯಾಂಡಲ್‌ವುಡ್ ಅಂತ ಇದ್ರೂ ಒಳಗೆ ನಮ್ಮ ಮರ ಇರತ್ತೆ ಅಂತ ಅಂದ್ಕೋಬೇಡಿ.

ಮೈಸೂರು ಸ್ಯಾಂಡಲ್ ಸೋಪಲ್ಲೇ ಶೇವ್ ಮಾಡ್ಕೋಬಹುದಾ ಅಂತ ತುಂಬಾ ಜನ ಕೇಳ್ತಾರೆ. ಬೇಡ. ಅದು ಸ್ನಾನಕ್ಕೆ ಮಾಡಿರೋ ಸೋಡಿಯಂ ಸೋಪು, ನೊರೆ ಬೇಗ ಬಂದು ಬೇಗ ಇಳಿಯತ್ತೆ, ಅದು ಸೋಪಿನ ತಪ್ಪಲ್ಲ, ಅದರ ಕೆಲಸ ಬೇರೆ. ವಾಸನೆ ಇಲ್ಲದ ಶೇವಿಂಗ್ ಸೋಪಲ್ಲಿ ಶೇವ್ ಮಾಡಿ, ಆಮೇಲೆ ಸ್ನಾನಕ್ಕೆ ಅದನ್ನ ಬಳಸಿ. ಮನೇಲಿ ಗಂಧದ ಕೊರಡು, ಸಾಣೆಕಲ್ಲು ಇದ್ರೆ ಇನ್ನೂ ಒಳ್ಳೇದು, ನಾಲ್ಕು ಹನಿ ನೀರು ಹಾಕಿ ತೇಯ್ದು, ಆ ಹಸಿ ಗಂಧವನ್ನ ಕತ್ತಿನ ಮೇಲೆ ತೆಳ್ಳಗೆ ಸವರಿ ಹತ್ತು ನಿಮಿಷ ಬಿಟ್ಟು ತೊಳೆದ್ರೆ ಆ ತಂಪನ್ನ ಯಾವ ಆಫ್ಟರ್‌ಶೇವ್ ಬಾಟಲಿಯೂ ಕೊಡಲ್ಲ. ಅಪ್ಪಟ ಶ್ರೀಗಂಧದೆಣ್ಣೆ ಹಾಕಿರೋ, ಸ್ಟಿಯರಿಕ್ ಜಾಸ್ತಿ ಇರೋ, ಗಟ್ಟಿ ಶೇವಿಂಗ್ ಸೋಪು ನಮ್ಮೂರಲ್ಲೇ ತಯಾರಾಗಿ ಪ್ರತಿ ಅಂಗಡೀಲೂ ಸಿಗಬೇಕು ಅನ್ನೋದು ನನ್ನ ಮನಸಾರೆ ಆಸೆ. ಪ್ರಪಂಚ ಪೂರ್ತಿ ನಮ್ಮ ಮರದ ಹೆಸರು ಬರೆದು ಸೋಪು ಮಾರ್ತಾ ಇದೆ.

ಸರಿ, ಈಗ ರೇಜರ್. ಹಳೇ ರೇಜರ್ ಯಾಕೆ ಇವತ್ತಿಗೂ ಕೆಲಸಕ್ಕೆ ಬರತ್ತೆ ಅಂದ್ರೆ ಬ್ಲೇಡು. ಈ ಥರದ ರೇಜರ್ ತಂದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ, ಅದರ ಹಿಂದಿನ ವರ್ಷ ಮಾರಾಟ ಆಗಿದ್ದು ಬರೀ 51 ರೇಜರ್, 168 ಬ್ಲೇಡು. ಅಷ್ಟು ತೆಳ್ಳನೆ ಉಕ್ಕಿನ ತಗಡಿಗೆ ಹದ ಕೊಟ್ಟು ಅಂಚು ಮಾಡೋದು ಸಾಧ್ಯಾನಾ ಅಂತಾನೇ ಆಗ ಎಲ್ಲರಿಗೂ ಅನುಮಾನ, ಅದನ್ನ ಸಾಧಿಸಿ ಯಂತ್ರ ಕಟ್ಟಿದ್ದು ವಿಲಿಯಂ ನಿಕರ್ಸನ್ ಅನ್ನೋ ಇಂಜಿನಿಯರ್. ಆ ಕಾಲದ ರೇಜರಿಗೆ ಇವತ್ತು ನಮ್ಮ ಬೀದಿ ಕಿರಾಣಿ ಅಂಗಡೀಲಿ ಸಿಗೋ ಸೆವೆನ್ ಓ ಕ್ಲಾಕ್, ಟೋಪಾಜ್ ಬ್ಲೇಡ್ ಹಾಕಿದ್ರೆ ಸರಿಯಾಗಿ ಕೂರತ್ತೆ. ನೂರು ವರ್ಷ ದಾಟಿದ ಇನ್ಯಾವ ಯಂತ್ರಕ್ಕೆ ಹಿಂಗೆ ಬೀದಿ ಅಂಗಡೀಲಿ ಸ್ಪೇರ್ ಸಿಗತ್ತೆ ಹೇಳಿ.

ಹುಡುಕೋರಿಗೆ ಬೆಂಗಳೂರಲ್ಲಿ ಚಿಕ್ಕಪೇಟೆ ಕಡೆ ಬಿವಿಕೆ ಅಯ್ಯಂಗಾರ್ ರೋಡಿನ ಸಂಡೇ ಬಜಾರ್ ಇದೆ, ಬೆಳಗ್ಗೆ ಬೇಗ ಹೋಗಬೇಕು. ಹಳೇ ಬೀಗ, ಗಡಿಯಾರ, ಸ್ಪ್ಯಾನರುಗಳ ರಾಶಿ ಮಧ್ಯೆ ರೇಜರ್ ಬಿದ್ದಿರತ್ತೆ. "ಇಂಗ್ಲೆಂಡ್ ಮಾಲು ಸಾರ್, ನೋಡಿ ಇಲ್ಲೇ ಬರ್ದಿದೆ" ಅಂತಾರೆ, ನಿಜವಾಗ್ಲೂ ಬರೆದಿರತ್ತೆ ಕೂಡ, ನಮ್ಮ ದೇಶದಲ್ಲಿ ಸಿಗೋ ಟೆಕ್ ಅನ್ನೋ ಮಾದರಿಯ ಹಳೇ ಜಿಲೆಟ್ ರೇಜರುಗಳಲ್ಲಿ ಮೇಡ್ ಇನ್ ಇಂಗ್ಲೆಂಡ್ ಇರೋದು ಸುಮಾರಿವೆ, ಲಂಡನ್ನಿನ ಪಶ್ಚಿಮಕ್ಕೆ ಗ್ರೇಟ್ ವೆಸ್ಟ್ ರೋಡಲ್ಲಿ 1937ರಲ್ಲಿ ಶುರುವಾದ ಗಡಿಯಾರ ಗೋಪುರದ ಫ್ಯಾಕ್ಟರಿ ಜಿಲೆಟ್‌ನವರದ್ದಾಗಿತ್ತು. "ಅಣ್ಣ, ಒಂದ್ಸಲ ಬಿಚ್ಚಿ ನೋಡ್ಲಾ?" ಅಂತ ಕೇಳಿ ಮೂರು ಭಾಗ ಬೇರೆ ಮಾಡಿ ನೋಡಿ. ಸ್ಕ್ರೂವಿನ ಮರೆ (ತ್ರೆಡ್) ಸವೆದಿದ್ರೆ ಹಿಡಿ ತಿರುಗ್ತಾನೇ ಇರತ್ತೆ, ಬಿಗಿ ಆಗಲ್ಲ. ಮೇಲಿನ ಲೇಪ ಹೋದ ಕಡೆ ಹಳದಿ ಕಂಡ್ರೆ ಒಳಗೆ ಹಿತ್ತಾಳೆ, ಧೈರ್ಯವಾಗಿ ತಗೊಳ್ಳಿ. ಬೂದು ಬಣ್ಣದ ಗುಳಿ ಗುಳಿ, ಬೊಕ್ಕೆ ಬೊಕ್ಕೆ ಇದ್ರೆ ಸತುವಿನ ಮಿಶ್ರಲೋಹ, ಅದು ಒಳಗಿಂದಾನೇ ತಿಂದು ಹೋಗ್ತಾ ಇರತ್ತೆ, ಬಿಟ್ಟುಬಿಡಿ. ಹೊಸ ಬ್ಲೇಡ್ ಒಂದು ಜೇಬಲ್ಲಿಟ್ಕೊಂಡು ಹೋಗಿ, ಹಾಕಿ ಬಿಗಿ ಮಾಡಿ ಬೆಳಕಿಗೆ ಹಿಡಿದು ನೋಡಿದ್ರೆ ಎರಡೂ ಕಡೆ ಅಂಚು ಒಂದೇ ಸಮ ಹೊರಗೆ ಕಾಣಬೇಕು, ಒಂದು ಕಡೆ ಜಾಸ್ತಿ ಇದ್ರೆ ಪ್ಲೇಟ್ ಬಾಗಿದೆ ಅಂತ.

ಅಮೆರಿಕದಲ್ಲಿ ಮಾಡಿದ ಜಿಲೆಟ್ ಸಿಕ್ಕಿದ್ರೆ ತಲೆಯ ಕೆಳಭಾಗದಲ್ಲಿ ಒಂದು ಅಕ್ಷರ, ಒಂದು ಅಂಕಿ ಹುಡುಕಿ. 1951ರಿಂದ ಅವರು ವರ್ಷಕ್ಕೊಂದು ಇಂಗ್ಲಿಷ್ ಅಕ್ಷರ, ಮೂರು ತಿಂಗಳಿಗೊಂದು ಅಂಕಿ ಹೊಡೀತಾ ಇದ್ರು; ಎ ಅಂದ್ರೆ 1955, ಎಫ್ ಅಂದ್ರೆ 1960. ಎಫ್ 3 ಅಂತ ಇದ್ರೆ 1960ರ ಜುಲೈನಿಂದ ಸೆಪ್ಟೆಂಬರ್ ಒಳಗೆ ಮಾಡಿದ್ದು. ಒಂದು ವಸ್ತು ತಾನು ಹುಟ್ಟಿದ ಕಾಲವನ್ನ ಹಿಂಗೆ ಮೈಮೇಲೆ ಇಟ್ಕೊಂಡಿರೋದು ನೋಡಿದ್ರೆ ನಂಗೆ ಇವತ್ತಿಗೂ ಖುಷಿ ಆಗತ್ತೆ.

ಮನೆಗೆ ತಂದ ಹಳೇ ರೇಜರ್ ಕ್ಲೀನ್ ಮಾಡೋವಾಗ ನಮ್ಮವರ ಕೈ ಸೀದಾ ಹುಣಸೆಹಣ್ಣಿಗೆ ಹೋಗತ್ತೆ, ಹಿತ್ತಾಳೆ ಅಂದ ಮೇಲೆ ಅದೇ ತಾನೇ. ದಯವಿಟ್ಟು ಬೇಡ. ಒಳಗೆ ಹಿತ್ತಾಳೆ ಇದ್ರೂ ಮೇಲೆ ಇರೋದು ನಿಕಲ್ ಅಥವಾ ಚಿನ್ನದ ತೆಳು ಲೇಪ, ಹುಣಸೆ, ನಿಂಬೆ, ವಿನೆಗರ್ ಇದರಲ್ಲಿ ನೆನೆಹಾಕಿದ್ರೆ ಲೇಪ ಹಾಳಾಗತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿದ ಬೆಚ್ಚಗಿನ ನೀರು, ಮೆತ್ತನೆ ಟೂತ್‌ಬ್ರಷ್ಷು, ತಾಳ್ಮೆ, ಇಷ್ಟು ಸಾಕು. ಕೊನೇಲಿ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ.

ಶೇವ್ ಮಾಡೋವಾಗ ನೆನಪಿಡಬೇಕಾಗಿದ್ದು ಮುಖ್ಯವಾಗಿ ಒಂದೇ, ಒತ್ತಬೇಡಿ. ತಲೆಯನ್ನೇ ಬದಲಾಯಿಸೋ ಇವತ್ತಿನ ಕಾರ್ಟ್ರಿಜ್ ರೇಜರ್ ಅಭ್ಯಾಸ ಆದ ಕೈ ತಾನಾಗೇ ಒತ್ತತ್ತೆ. ಹಳೇ ರೇಜರಿಗೆ ಅದರ ತೂಕವೇ ಸಾಕು, ಹಿಡಿಯನ್ನ ತುದೀಲಿ ಎರಡು ಮೂರು ಬೆರಳಲ್ಲಿ ಹಿಡ್ಕೊಂಡು, ಮೂವತ್ತು ಡಿಗ್ರಿ ಹತ್ತಿರದ ಓರೆಯಲ್ಲಿ, ಸಣ್ಣ ಸಣ್ಣದಾಗಿ ಎಳೆದ್ರೆ ಕೂದಲು ಕತ್ತರಿಸೋ ಸದ್ದು ಕಿವಿಗೆ ಸ್ಪಷ್ಟ ಕೇಳತ್ತೆ. ಸದ್ದು ನಿಂತ್ರೆ ಓರೆ ತಪ್ಪಿದೆ ಅಂತ. ಮೊದಲು ಕೂದಲು ಬೆಳೆಯೋ ದಿಕ್ಕಿಗೆ, ಮತ್ತೆ ನೊರೆ ಹಚ್ಚಿ ಅಡ್ಡಡ್ಡ. ಕತ್ತಿನ ಮೇಲೆ ಕೂದಲು ಸುಳಿ ಸುಳಿಯಾಗಿ ಬೆಳೆದಿರತ್ತೆ, ಎರಡು ದಿನದ ಗಡ್ಡದ ಮೇಲೆ ಬೆರಳಾಡಿಸಿ ಯಾವ ಕಡೆ ಚುಚ್ಚತ್ತೆ ಅಂತ ಮೊದಲೇ ನೋಡ್ಕೊಳ್ಳಿ. ಬ್ಲೇಡ್ ಯಾವುದು ಅಂತ ಯಾರನ್ನೂ ಕೇಳಬೇಡಿ, ಅಂಗಡೀಲಿ ಸಿಗೋ ನಾಲ್ಕೈದು ಕಂಪನಿಯದ್ದು ಒಂದೊಂದು ಪ್ಯಾಕ್ ತಂದು ಹಾಕಿ ನೋಡಿ, ನಿಮ್ಮ ಚರ್ಮವೇ ಹೇಳತ್ತೆ.

ಕೊನೇಲಿ ಪಟಿಕ. ಕಟಿಂಗ್ ಶಾಪಲ್ಲಿ ಶೇವ್ ಮುಗಿದ ಮೇಲೆ ಒದ್ದೆ ಕೆನ್ನೆಗೆ ಉಜ್ಜತಾರಲ್ಲ ಆ ಬಿಳೀ ಕಲ್ಲು, ಗ್ರಂದಿಗೆ ಅಂಗಡೀಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗತ್ತೆ. ರಕ್ತ ನಿಲ್ಲಿಸೋದು ಅದರ ಒಂದು ಕೆಲಸ ಮಾತ್ರ. ತಣ್ಣೀರಲ್ಲಿ ಮುಖ ತೊಳೆದು ಪೂರ್ತಿ ಸವರಿದ್ರೆ ಎಲ್ಲಿ ಚುರುಚುರು ಅನ್ನತ್ತೋ ಅಲ್ಲಿ ಜಾಸ್ತಿ ಒತ್ತಿದ್ದೀರ ಅಂತ ಅರ್ಥ, ನಾಳೆ ಅಲ್ಲಿ ಕೈ ಹಗುರ ಮಾಡಿ. ಇದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲ್ಲ.

ಇನ್ನೊಂದು, ಇದನ್ನ ಹೇಳದೇ ಹೋದ್ರೆ ನಂಗೆ ಸಮಾಧಾನ ಇಲ್ಲ. ಬಳಸಿದ ಬ್ಲೇಡನ್ನ ಹಂಗೇ ಕಸದ ಬುಟ್ಟಿಗೆ ಎಸೀಬೇಡಿ, ಪೇಪರಲ್ಲಿ ಸುತ್ತಿ ಕೂಡ ಎಸೀಬೇಡಿ, ನಮ್ಮ ಕಸವನ್ನ ಕೈಯಲ್ಲೇ ವಿಂಗಡಿಸೋ ಪೌರಕಾರ್ಮಿಕರು ಇದಾರೆ, ಪೇಪರ್ ಒದ್ದೆಯಾದ್ರೆ ಬ್ಲೇಡ್ ಹೊರಗೇ ಬರತ್ತೆ. ಖಾಲಿ ಟಿನ್ ಡಬ್ಬ ಒಂದು ತಗೊಂಡು ಮುಚ್ಚಳದಲ್ಲಿ ಸೀಳು ಮಾಡಿ, ಮುಚ್ಚಳ ಸುತ್ತ ಟೇಪ್ ಹಾಕಿ ಸಿಂಕ್ ಹತ್ರ ಇಟ್ಕೊಳ್ಳಿ. ಬ್ಲೇಡ್ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಡಬ್ಬ ತುಂಬಕ್ಕೆ ವರ್ಷಗಳೇ ಬೇಕು. ತುಂಬಿದ ಮೇಲೆ ಸೀಳಿಗೂ ಟೇಪ್ ಹಾಕಿ, ಮೇಲೆ "ಒಳಗೆ ಬ್ಲೇಡ್ ಇದೆ" ಅಂತ ಮಾರ್ಕರಲ್ಲಿ ದಪ್ಪಗೆ ಬರೆದು ಗುಜರಿಯವರಿಗೆ ಕೊಡಿ, ಕೊಡೋವಾಗ ಬಾಯಲ್ಲೂ ಒಂದ್ಸಲ ಹೇಳಿ.